ಮನೆಯಂಗಳಕ್ಕೆ ಸೀತಾಳೆಯೋ, ಲಾವಂಚವೋ?

ಅಂಗಳದಲ್ಲಿ ನಾಲ್ಕು ಗಿಡಗಳಿದ್ದರೆ ಮನೆಗೊಂದು ಕಳೆ. ಅಂಗಳವಿಲ್ಲದ ಪಟ್ಟಣದ ಮನೆಗಳಲ್ಲಿಯೂ ಕಿಟಕಿಯ ಬದಿಯಲ್ಲಿ, ಮಾಳಿಗೆಯ ಮೇಲೆ, ಮೆಟ್ಟಿಲಿನ ಅಂಚಿನಲ್ಲಿ ಕುಂಡಗಳಿಗೆ ಜಾಗ ದೊರೆತಿದೆ. ಗಿಡ ಕೊಳ್ಳಲು ನರ್ಸರಿಗೆ ಹೋದವರಿಗೆ ಒಂದು ಕಡೆ ಹೂಗೊಂಚಲು ಹೊತ್ತ ಆರ್ಕಿಡ್, ಅಂದರೆ ನಮ್ಮ ಮಲೆನಾಡಿನವರು ಸೀತಾಳೆ ಎಂದು ಕರೆಯುವ ಗಿಡ, ಕಾಣಿಸುತ್ತದೆ. ಇನ್ನೊಂದು ಕಡೆ ಗರಿಗಳನ್ನು ಚಿಮ್ಮಿಸಿ ನಿಂತ ಅಲಂಕಾರದ ಹುಲ್ಲುಗಳಿರುತ್ತವೆ. ಆ ಹುಲ್ಲುಗಳಲ್ಲಿ ನಮ್ಮ ನೆಲದ್ದೇ ಆದ, ನಮ್ಮ ಹಿರಿಯರು ಬಲ್ಲ ಹುಲ್ಲೆಂದರೆ ಲಾವಂಚ. ಈ ಎರಡರಲ್ಲಿ ಮನೆಗೆ ಯಾವುದು ಹಿತ? ಅಂದಕ್ಕಿಂತ ಮೊದಲು ಆರೋಗ್ಯದ ದೃಷ್ಟಿಯಿಂದ ಈ ಪ್ರಶ್ನೆಯನ್ನು ವಿಚಾರಿಸುವುದು ಒಳ್ಳೆಯದು.

ಮೊದಲಿಗೆ, ಪ್ರಚಾರದಲ್ಲಿರುವ ಒಂದು ನಂಬಿಕೆಯನ್ನು ಪರಿಶೀಲಿಸೋಣ. ಸೀತಾಳೆಯನ್ನು ಮಲಗುವ ಕೋಣೆಯಲ್ಲಿಟ್ಟರೆ ರಾತ್ರಿಯಿಡೀ ಆಮ್ಲಜನಕ ಕೊಡುತ್ತದೆ ಎಂಬ ಮಾತಿದೆ. ಫೆಲನಾಪ್ಸಿಸ್ ಮೊದಲಾದ ಅನೇಕ ಸೀತಾಳೆಗಳು ನೀರು ಆವಿಯಾಗಿ ಹೋಗದಂತೆ ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ ಎಂಬುದು ನಿಜ. ಆದರೆ ಆಮ್ಲಜನಕ ಉತ್ಪತ್ತಿಯಾಗಲು ಬೆಳಕು ಬೇಕೇ ಬೇಕು. ಕತ್ತಲೆಯಲ್ಲಿ ಯಾವ ಗಿಡವೂ ಅದನ್ನು ತಯಾರಿಸಲಾರದು. ಹಾಗೆಂದು, ಕೋಣೆಯಲ್ಲಿ ಗಿಡವಿದ್ದರೆ ರಾತ್ರಿ ಉಸಿರುಕಟ್ಟುತ್ತದೆ ಎಂದು ಅಂಜಬೇಕಾಗಿಯೂ ಇಲ್ಲ. ಒಂದೆರಡು ಕುಂಡಗಳ ಉಸಿರಾಟ ಮನುಷ್ಯನ ಉಸಿರಾಟದ ಮುಂದೆ ತೀರ ಅಲ್ಪ.

ಗಿಡಗಳು ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂಬ ಮಾತು ಬಹುಮಟ್ಟಿಗೆ 1989ರಲ್ಲಿ ಪ್ರಕಟವಾದ ನಾಸಾ ಸಂಸ್ಥೆಯ ಅಧ್ಯಯನದಿಂದ ಹಬ್ಬಿತು. ಆ ಪ್ರಯೋಗಗಳು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು 2019ರಲ್ಲಿ ಪರಿಶೀಲಿಸಿದ ಸಂಶೋಧಕರು, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಪಡೆಯಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕಾಗುತ್ತವೆ ಎಂದು ಲೆಕ್ಕ ಹಾಕಿದರು. ಶುದ್ಧ ಗಾಳಿ ಬೇಕಾದವರು ಬೆಳಿಗ್ಗೆ ಕಿಟಕಿ ಬಾಗಿಲುಗಳನ್ನು ತೆರೆಯುವುದೇ ಸರಿಯಾದ ಮಾರ್ಗ.

ಹಾಗಾದರೆ ಆರೋಗ್ಯಕ್ಕೂ ಈ ಗಿಡಗಳಿಗೂ ಇರುವ ನಿಜವಾದ ಸಂಬಂಧ ಯಾವುದು? ಅದು ಪರಾಗ, ನೀರು ಮತ್ತು ಆರೈಕೆ ಎಂಬ ಮೂರರಲ್ಲಿದೆ.

ಪರಾಗದ ಮಾತು

ಹುಲ್ಲು ಪರಾಗಸ್ಪರ್ಶಕ್ಕೆ ಗಾಳಿಯನ್ನೇ ನಂಬಿದ ಸಸ್ಯ. ಅದರ ತೆನೆ ಅರಳಿದಾಗ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ, ಹಗುರವಾದ ಪರಾಗ ಗಾಳಿಯಲ್ಲಿ ತೇಲುತ್ತದೆ. ಉಬ್ಬಸ ಇರುವವರಿಗೆ, ಸೀನು, ಕಣ್ಣುರಿ, ಮೂಗು ಸೋರುವ ಅಲರ್ಜಿ ಇರುವವರಿಗೆ ಇದು ತೊಂದರೆ ಕೊಡಬಲ್ಲದು. ಸೀತಾಳೆಯ ರೀತಿ ಬೇರೆ. ಅದರ ಪರಾಗ ಪುಡಿಯಾಗಿ ಹಾರುವುದಿಲ್ಲ. ಅಂಟಿನ ಪುಟ್ಟ ಉಂಡೆಗಳಾಗಿದ್ದು, ಕೀಟದ ಮೈಗೆ ಅಂಟಿಕೊಂಡೇ ಇನ್ನೊಂದು ಹೂವಿಗೆ ಸಾಗಬೇಕು. ಆದುದರಿಂದ ಉಬ್ಬಸದ ಮಗುವಿರುವ ಮನೆಯಲ್ಲಿ ಕಿಟಕಿಯ ಬಳಿ ಇಡಲು ಸೀತಾಳೆಯೇ ಮೇಲು. ಗಾಢ ಪರಿಮಳವೂ ಕೆಲವರಿಗೆ ಆಗಿಬರುವುದಿಲ್ಲವಾದ್ದರಿಂದ ಪರಿಮಳವಿಲ್ಲದ ತಳಿಯನ್ನು ಆರಿಸಿಕೊಳ್ಳಬೇಕು.

ಲಾವಂಚವನ್ನು ಬೆಳೆಸುವವರು ತೆನೆ ಹೊರಡುತ್ತಿದ್ದಂತೆಯೇ ಅದನ್ನು ಕತ್ತರಿಸಿಬಿಟ್ಟರೆ ಪರಾಗದ ಚಿಂತೆ ಬಹುಪಾಲು ನೀಗುತ್ತದೆ. ಎಲೆಯ ಅಂಚು ಹರಿತವಾಗಿರುವುದರಿಂದ ಮಕ್ಕಳು ಓಡಾಡುವ ದಾರಿಯಲ್ಲಿ ಅದನ್ನು ನೆಡಬಾರದು. ದಟ್ಟವಾಗಿ ಬೆಳೆದ ಯಾವುದೇ ಹುಲ್ಲಿನ ಬುಡ ಇಲಿಗಳಿಗೆ, ಇಲಿಗಳನ್ನು ಅರಸಿ ಬರುವ ಹಾವುಗಳಿಗೆ ಮರೆಯಾಗಬಲ್ಲದು. ಹೊಸ್ತಿಲಿನಿಂದ ದೂರದಲ್ಲಿ ನೆಟ್ಟು, ವರ್ಷಕ್ಕೆ ಎರಡು ಬಾರಿ ಕತ್ತರಿಸಿ, ಒಣಗಿದ ಎಲೆಗಳನ್ನು ತೆಗೆದು ಬುಡವನ್ನು ಚೊಕ್ಕಟವಾಗಿಡಬೇಕು.

ನೀರಿನ ಮಾತು

ಸೀತಾಳೆ ಸಹಜವಾಗಿ ಮರದ ಕೊಂಬೆಯ ಮೇಲೆ ಬಾಳುವ ಗಿಡ. ಬಂದಳಿಕೆಯಂತೆ ಮರದ ರಸವನ್ನು ಹೀರದೆ, ಮಳೆಯ ಮತ್ತು ಮಂಜಿನ ತೇವದಿಂದ ಬದುಕುತ್ತದೆ. ಅದರ ಬೇರಿನ ಮೇಲೆ ಸ್ಪಂಜಿನಂಥ ಹೊದಿಕೆಯಿದೆ. ಒಣಗಿದಾಗ ಅದು ಬೆಳ್ಳಗೆ ಕಾಣುತ್ತದೆ, ನೆನೆದಾಗ ಹಸಿರಾಗುತ್ತದೆ. ಬೇರು ಬೆಳ್ಳಗಾದಾಗ ನೀರು ಕೊಡಬೇಕು ಎಂಬುದು ಹೊಸಬರಿಗೂ ತಿಳಿಯುವ ಗುರುತು. ಮಣ್ಣು ತುಂಬಿದ ಕುಂಡದಲ್ಲಿ ಇಂಥ ಬೇರು ಕೊಳೆಯುತ್ತದೆ. ಇದ್ದಿಲು, ಇಟ್ಟಿಗೆಯ ಚೂರು, ತೆಂಗಿನ ಸಿಪ್ಪೆಯ ತುಂಡುಗಳೇ ಅದಕ್ಕೆ ತಕ್ಕ ಆಸರೆ.

ಇಲ್ಲಿ ಒಂದು ಅಪಾಯವನ್ನು ಮರೆಯಬಾರದು. ತೇವ ಹೆಚ್ಚಲಿ ಎಂದು ಕುಂಡದ ಕೆಳಗೆ ನೀರಿನ ತಟ್ಟೆ ಇಡುವ ರೂಢಿಯಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲಿಯೇ. ಬಿಸಿ ಹವೆಯಲ್ಲಿ ವಾರದಿಂದ ಹತ್ತು ದಿನಗಳೊಳಗೆ ಮೊಟ್ಟೆ ಸೊಳ್ಳೆಯಾಗುತ್ತದೆ. ತಟ್ಟೆಯ ಅಂಚಿಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯಬಲ್ಲವು. ಆದುದರಿಂದ ತಟ್ಟೆಯ ನೀರನ್ನು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ತಿಕ್ಕಿ ತೊಳೆದು ಒಣಗಿಸಬೇಕು. ತಟ್ಟೆಯನ್ನೇ ಇಡದಿರುವುದು ಇನ್ನೂ ಉತ್ತಮ.

ಲಾವಂಚಕ್ಕೆ ಇಂಥ ಉಪಚಾರ ಬೇಡ. ಅದರ ಬೇರು ಬದಿಗೆ ಹರಡದೆ ನೇರವಾಗಿ ಎರಡು, ಮೂರು ಮೀಟರ್ ಆಳಕ್ಕೆ, ಅನುಕೂಲವಾದ ಮಣ್ಣಿನಲ್ಲಿ ಇನ್ನೂ ಕೆಳಕ್ಕೆ ಇಳಿಯುತ್ತದೆ. ಒಮ್ಮೆ ಬೇರೂರಿದರೆ ಬರವನ್ನೂ, ಕೆಲವು ದಿನ ನಿಂತ ನೀರನ್ನೂ ತಾಳಿಕೊಳ್ಳುತ್ತದೆ. ಇಳಿಜಾರಿನ ಅಂಗಳದಲ್ಲಿ ಸಾಲಾಗಿ ನೆಟ್ಟರೆ ಮಳೆಗೆ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಬಚ್ಚಲಿನ ನೀರು ಹರಿಯುವ ಬದಿಯಲ್ಲಿ ನೆಟ್ಟರೆ ಆ ನೀರನ್ನು ಹೀರಿಕೊಂಡು ರೊಚ್ಚು ನಿಲ್ಲದಂತೆ ನೆರವಾಗುತ್ತದೆ. ಅಂಗಳದಲ್ಲಿ ನೀರು ನಿಲ್ಲದಿದ್ದರೆ ಸೊಳ್ಳೆಯೂ ಕಡಿಮೆ. ಇದು ಲಾವಂಚದಿಂದ ಆಗುವ ದೊಡ್ಡ ಉಪಕಾರ. ಆದರೆ ಹುಲ್ಲು ಅಂಗಳದಲ್ಲಿ ನಿಂತ ಮಾತ್ರಕ್ಕೆ ಸೊಳ್ಳೆ ಓಡಿಹೋಗುತ್ತದೆ ಎಂದು ಭಾವಿಸಿ ಸೊಳ್ಳೆಪರದೆಯನ್ನು ಮಡಿಸಿಡುವುದು ತರವಲ್ಲ.

ಲಾವಂಚದ ಬೇರಿಗೆ ಆಯುರ್ವೇದದಲ್ಲಿ ಉಶೀರ ಎಂಬ ಹೆಸರಿದೆ. ಅದನ್ನು ಶೀತಗುಣದ ದ್ರವ್ಯವೆಂದು ಹೇಳಲಾಗಿದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರಿಗೆ ಈ ಬೇರನ್ನು ಹಾಕಿ ಕುಡಿಯುವುದು ನಮ್ಮಲ್ಲಿ ಹಳೆಯ ವಾಡಿಕೆ. ನೀರಿಗೆ ಅದು ಸುಗಂಧ ಕೊಡುತ್ತದೆಯೇ ಹೊರತು ರೋಗಾಣುಗಳನ್ನು ಕೊಲ್ಲುವುದಿಲ್ಲ. ಆದ್ದರಿಂದ ಕುದಿಸಿ ಆರಿಸಿದ ಅಥವಾ ಶೋಧಿಸಿದ ನೀರನ್ನೇ ಬಳಸಬೇಕು. ಬೇರನ್ನು ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿರಬೇಕು, ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು. ಬಚ್ಚಲ ನೀರು ಕುಡಿದು ಬೆಳೆದ ಲಾವಂಚದ ಬೇರನ್ನು ಗಡಿಗೆಗೆ ಹಾಕಲೇಬಾರದು.

ಆರೈಕೆಯ ಮಾತು

ಗಿಡ ತರುವ ಮುನ್ನ ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿಕೊಳ್ಳಬೇಕು. ಸೀತಾಳೆಗೆ ಹದವಾದ ನೆರಳು, ಗಾಳಿಯಲ್ಲಿ ತೇವ, ಬೇಸಿಗೆಯಲ್ಲಿ ಮೇಲಿಂದ ಮೇಲೆ ನೀರು ಬೇಕು. ಮಲೆನಾಡು, ಕರಾವಳಿ, ಕೊಡಗಿನ ಮನೆಗಳಲ್ಲಿ ಇದು ಸುಲಭ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು ಸೀಮೆಯ ಬಯಲಿನಲ್ಲಿ ಕಷ್ಟ; ಅಲ್ಲಿ ಲಾವಂಚವೇ ನೆಮ್ಮದಿ. ಸೀತಾಳೆಯ ಹೂ ವಾರಗಟ್ಟಲೆ, ಫೆಲನಾಪ್ಸಿಸ್‌ನದಾದರೆ ಎರಡು ಮೂರು ತಿಂಗಳು ಬಾಡದೆ ನಿಲ್ಲುತ್ತದೆ. ಆದರೆ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಅರಳುವುದರಿಂದ ನಿತ್ಯಪೂಜೆಯ ಹೂವಿಗೆ ದಾಸವಾಳ, ಕಣಗಿಲೆಗಳನ್ನೇ ನೆಚ್ಚಬೇಕು.

ಮನೆಯಲ್ಲಿರುವ ಹಿರಿಯರಿಗೆ ಸೀತಾಳೆ ಒಳ್ಳೆಯ ಸಂಗಾತಿ. ಕುಂಡ ಹಗುರ, ಬಗ್ಗಿ ಅಗೆಯುವ ಕೆಲಸವಿಲ್ಲ, ಕುಳಿತಲ್ಲಿಯೇ ಎಲೆ ಒರೆಸಿ ನೀರು ಚಿಮುಕಿಸಬಹುದು. ದಿನವೂ ಬೇರನ್ನು ಗಮನಿಸುವ ಈ ಸಣ್ಣ ಕೆಲಸ ಮನಸ್ಸಿಗೂ ಒಂದು ನಿಯಮವನ್ನು ಕೊಡುತ್ತದೆ. ಕುಂಡಕ್ಕೆ ಪಾಚಿ ತುಂಬುವಾಗ ಮಾತ್ರ ಕೈಗವಸು ಧರಿಸಬೇಕು. ಚರ್ಮದ ಗೀರಿನ ಮೂಲಕ ಶಿಲೀಂಧ್ರದ ಸೋಂಕು ತಗಲುವುದುಂಟು. ಮೈಬಗ್ಗಿಸಿ ದುಡಿಯಬಲ್ಲ ಪ್ರಾಯದವರಿಗೆ ಲಾವಂಚದ ಬುಡ ಬಿಡಿಸಿ ತೆಂಡೆಗಳನ್ನು ನೆಡುವುದು ಒಳ್ಳೆಯ ವ್ಯಾಯಾಮ.

ಕೊನೆಯದಾಗಿ ಒಂದು ವಿನಂತಿ. ಕಾಡಿನ ಮರದಿಂದ ಸೀತಾಳೆಯನ್ನು ಕಿತ್ತು ತರಬೇಡಿ, ಹಾಗೆ ತಂದು ಮಾರುವವರಿಂದ ಕೊಳ್ಳಲೂ ಬೇಡಿ. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರದ ಸಂಗ್ರಹವಿಲ್ಲ. ತಕ್ಕ ಶಿಲೀಂಧ್ರದ ಆಶ್ರಯ ದೊರೆತರೆ ಮಾತ್ರ ಮೊಳೆಯುತ್ತದೆ; ಹೂಬಿಡಲು ವರ್ಷಗಳೇ ಬೇಕು. ಕಿತ್ತ ಒಂದು ಗಿಡದ ಜಾಗ ಕಾಡಿನಲ್ಲಿ ಸುಲಭವಾಗಿ ತುಂಬುವುದಿಲ್ಲ. ಅಂಗಾಂಶ ಕೃಷಿಯಿಂದ ಬೆಳೆಸಿದ ಗಿಡಗಳು ನರ್ಸರಿಗಳಲ್ಲಿ ದೊರೆಯುತ್ತವೆ.

ನೆರಳು, ತೇವ, ದಿನವೂ ಗಮನಿಸುವ ಬಿಡುವು ಇರುವ ಮನೆಗೆ, ಉಬ್ಬಸದವರಿರುವ ಮನೆಗೆ ಸೀತಾಳೆ ಹಿತ. ಬಿಸಿಲು, ಬಯಲು, ನೀರಿನ ಕೊರತೆ, ಹರಿದುಹೋಗುವ ಬಚ್ಚಲ ನೀರು ಇರುವ ಮನೆಗೆ ಲಾವಂಚ ಹಿತ. ಯಾವುದನ್ನೇ ತಂದರೂ ಕುಂಡದ ಕೆಳಗೆ ನೀರು ನಿಂತಿದೆಯೇ ಎಂದು ವಾರಕ್ಕೊಮ್ಮೆ ತಪ್ಪದೆ ನೋಡಿರಿ.