ಅವನ ನಿಜವಾದ ಹೆಸರೇನು, ಮಿಸ್?

ದೇವನಹಳ್ಳಿ ತಾಲ್ಲೂಕಿನ ನಮ್ಮ ಊರಿನ ಮೇಲೆ ದಿನವಿಡೀ ವಿಮಾನ ಹಾರುತ್ತಿರುತ್ತವೆ. ಹಾಗಾಗಿ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯ ಕತೆ ಶುರುಮಾಡುವುದು ನನಗೆ ಕಷ್ಟವಾಗಲಿಲ್ಲ. ಯುದ್ಧದ ಕಾಲ, ಹುಡುಗರನ್ನು ಹೊತ್ತ ವಿಮಾನ ಒಂದು ದ್ವೀಪದಲ್ಲಿ ಬೀಳುತ್ತದೆ, ದೊಡ್ಡವರು ಒಬ್ಬರೂ ಉಳಿಯುವುದಿಲ್ಲ ಎಂದೆ. ಪಂಚಾಯಿತಿ ಗ್ರಂಥಾಲಯದ ಚಾಪೆಯ ಮೇಲೆ ಕೂತಿದ್ದ ಮಕ್ಕಳು ಒಮ್ಮೆ ಕಿಟಕಿಯಾಚೆ ನೋಡಿದರು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ಪಕ್ಕದ ಮನೆಯ ಹುಡುಗಿ ಇಂಟರ್‌ನ್ಯಾಷನಲ್ ಸ್ಕೂಲಿನ ಪರೀಕ್ಷೆಗೆಂದು ಈ ಕಾದಂಬರಿ ಓದುತ್ತಿದ್ದಳು. ಕತೆಯಲ್ಲಿ ಬರುವ ಶಂಖ ಎಂದರೆ ಪ್ರಜಾಪ್ರಭುತ್ವ, ಕನ್ನಡಕ ಎಂದರೆ ವಿಜ್ಞಾನ ಎಂದು ಅವಳ ನೋಟ್ಸಿನಲ್ಲಿ ಗೆರೆ ಹೊಡೆದು ಬರೆದಿತ್ತು. ತಪ್ಪೇನಲ್ಲ. ಆದರೆ ಇಷ್ಟನ್ನೇ ಬಾಯಿಪಾಠ ಮಾಡಿದರೆ ಕತೆಯ ಹುಡುಗರು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ನಮ್ಮೂರ ಮಕ್ಕಳ ಜೊತೆ ಭಾನುವಾರಗಳಂದು ಕನ್ನಡದಲ್ಲೇ ಹೇಳಿಕೊಂಡು ಓದತೊಡಗಿದೆ.

ಕಾದಂಬರಿ ಬರೆದ ವಿಲಿಯಂ ಗೋಲ್ಡಿಂಗ್ ಕೂಡ ಮೇಷ್ಟ್ರೇ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು ಬಂದು, ಇಂಗ್ಲೆಂಡಿನ ಸಾಲ್ಸ್‌ಬರಿಯ ಶಾಲೆಯೊಂದರಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದವರು. ಶಾಲೆಯ ನೋಟ್‌ಬುಕ್ಕಿನಲ್ಲೇ ಇದನ್ನು ಬರೆದರು. ಹಲವು ಪ್ರಕಾಶಕರು ಬೇಡವೆಂದ ಮೇಲೆ 1954ರಲ್ಲಿ ಅಚ್ಚಾಯಿತು. 1983ರಲ್ಲಿ ಅವರಿಗೆ ನೊಬೆಲ್ ಬಂತು. ದ್ವೀಪದಲ್ಲಿ ಸಿಕ್ಕಿಕೊಂಡ ಹುಡುಗರು ಸಾಹಸಿಗಳೂ ಸುಗುಣಿಗಳೂ ಆಗಿರುವ ‘ದಿ ಕೋರಲ್ ಐಲೆಂಡ್’ ಎಂಬ 1857ರ ಕಾದಂಬರಿಗೆ ಇದು ಅವರ ಉತ್ತರ. ಹುಡುಗರನ್ನು ದಿನಾ ಹತ್ತಿರದಿಂದ ಕಂಡವರ ಉತ್ತರ.

ಕತೆಯಲ್ಲೊಬ್ಬ ದಪ್ಪನೆಯ, ಉಬ್ಬಸದ, ಕನ್ನಡಕದ ಹುಡುಗ. ಎಲ್ಲರ ಹೆಸರು ಬರೆದುಕೊಳ್ಳಬೇಕು ಎಂದು ಮೊದಲು ಹೇಳುವವನು ಅವನೇ. ಅವನ ಹೆಸರನ್ನು ಮಾತ್ರ ಯಾರೂ ಕೇಳುವುದಿಲ್ಲ. ‘ಪಿಗ್ಗಿ ಅಂತ ಹಳೇ ಶಾಲೇಲಿ ಕರೀತಿದ್ರು, ಯಾರಿಗೂ ಹೇಳಬೇಡ’ ಎಂದು ರಾಲ್ಫ್ ಎಂಬ ಹುಡುಗನಲ್ಲಿ ಬೇಡಿಕೊಳ್ಳುತ್ತಾನೆ. ರಾಲ್ಫ್ ಎಲ್ಲರೆದುರು ಹೇಳಿಬಿಡುತ್ತಾನೆ, ಎಲ್ಲರೂ ನಗುತ್ತಾರೆ.

‘ಅವನ ನಿಜವಾದ ಹೆಸರೇನು, ಮಿಸ್?’ ಎಂದು ಏಳನೇ ತರಗತಿಯ ಹುಡುಗಿ ಕೇಳಿದಳು. ಪುಸ್ತಕ ಮುಗಿಯುವವರೆಗೂ ಅದು ಸಿಗುವುದಿಲ್ಲ. ಬಂಡೆ ಉರುಳಿಸಿ ಅವನನ್ನು ಕೊಂದ ಮೇಲೂ ಸಿಗುವುದಿಲ್ಲ.

ಮುಖದ ಮೇಲೆ ಮಚ್ಚೆಯಿರುವ ಒಬ್ಬ ಪುಟ್ಟ ಹುಡುಗನೂ ಇದ್ದಾನೆ. ಮಚ್ಚೆಯ ಬಣ್ಣ ಹಿಪ್ಪುನೇರಳೆ ಹಣ್ಣಿನದು ಎಂದಾಗ ನಮ್ಮ ಮಕ್ಕಳಿಗೆ ವಿವರಿಸಬೇಕಾಗಲಿಲ್ಲ. ವಿಜಯಪುರದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವ ಮನೆಗಳವರು, ಬೆರಳಿಗೆ ಆ ಬಣ್ಣ ಹತ್ತಿಸಿಕೊಂಡೇ ಬೆಳೆದವರು. ಮೊದಲ ದಿನ ಹಚ್ಚಿದ ಬೆಂಕಿ ಕಾಡಿಗೆ ಹಬ್ಬಿದ ಮೇಲೆ ಆ ಮಚ್ಚೆಯ ಹುಡುಗನನ್ನು ಯಾರೂ ಕಾಣುವುದಿಲ್ಲ. ಹೆಸರೂ ಇಲ್ಲ, ಲೆಕ್ಕವೂ ಇಲ್ಲ. ಇನ್ನೊಬ್ಬ ಚಿಕ್ಕವನು ಮೊದಮೊದಲು ತನ್ನ ಹೆಸರು, ವಿಳಾಸ, ಫೋನ್ ನಂಬರು ಗಡಗಡ ಒಪ್ಪಿಸುತ್ತಾನೆ. ಕೊನೆಗೆ ಕಾಪಾಡಲು ಬಂದ ಅಧಿಕಾರಿಯ ಮುಂದೆ ನಿಂತಾಗ ಅದೂ ಮರೆತಿರುತ್ತದೆ.

ಮೂವತ್ತು ವರ್ಷ ಹಾಜರಿ ಕರೆದವಳು ನಾನು. ಆದರೂ ಒಬ್ಬ ಹುಡುಗನನ್ನು ವರ್ಷಪೂರ್ತಿ ‘ಏ ಸೋಡಾಬುಡ್ಡಿ’ ಎಂದೇ ಕರೆದಿದ್ದೆ. ತರಗತಿ ನಗುತ್ತಿತ್ತು, ಅವನೂ ನಗುತ್ತಿದ್ದ. ಪಿಗ್ಗಿ ಎಂಬ ಹೆಸರಿಗೆ ಎಲ್ಲರೂ ನಗುವ ಪುಟ ಓದುವಾಗ ನನ್ನ ದನಿ ಕಟ್ಟಿತು.

1965ರಲ್ಲಿ ನಿಜವಾಗಿಯೂ ಹುಡುಗರು ಹೀಗೆ ದ್ವೀಪದಲ್ಲಿ ಸಿಕ್ಕಿಕೊಂಡಿದ್ದರು ಎಂದು ಮಕ್ಕಳಿಗೆ ಹೇಳಿದೆ. ಪೆಸಿಫಿಕ್ ಸಾಗರದ ಟೋಂಗಾ ದೇಶದ ಆರು ಹುಡುಗರು ದೋಣಿ ಹತ್ತಿ ಹೊರಟು, ಬಿರುಗಾಳಿಗೆ ಸಿಕ್ಕಿ, ಅಟಾ ಎಂಬ ಪಾಳುದ್ವೀಪ ಸೇರಿದರು. ಹದಿನೈದು ತಿಂಗಳು ಅಲ್ಲೇ ಇದ್ದರು. ಕೆಲಸ ಹಂಚಿಕೊಂಡರು, ಬೆಂಕಿ ಆರದಂತೆ ಕಾದರು, ಕಾಲು ಮುರಿದವನಿಗೆ ಕೋಲು ಕಟ್ಟಿ ವಾಸಿಮಾಡಿದರು. ಜಗಳವಾದರೆ ಇಬ್ಬರೂ ಬೇರೆಬೇರೆ ಕಡೆ ಹೋಗಿ, ಸಿಟ್ಟು ಇಳಿದ ಮೇಲೆ ಬರಬೇಕಿತ್ತು. 1966ರಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಎಂಬ ನಾವಿಕ ಅವರನ್ನು ಕಂಡಾಗ ಆರು ಜನರೂ ಬದುಕಿದ್ದರು.

‘ಅವರೆಲ್ಲ ಒಂದೇ ಶಾಲೆಯ ಗೆಳೆಯರು. ಒಬ್ಬರ ಹೆಸರು ಒಬ್ಬರಿಗೆ ಗೊತ್ತಿತ್ತು’ ಎಂದೆ.

ಹಿಂದಿನ ಸಾಲಿನ ಹುಡುಗ ಎದ್ದು ನಿಂತ. ‘ಹಾಗಾದ್ರೆ ಕತೇಲಿ ಜ್ಯಾಕ್ ಅನ್ನೋ ಹುಡುಗನ ಹಾಡುಗಾರರ ಗುಂಪಿದೆಯಲ್ಲ ಮಿಸ್, ಅವರೂ ಮೊದಲಿಂದ ಒಟ್ಟಿಗೇ ಇದ್ದೋರು. ಅವರೇ ಅಲ್ವಾ ಬೇಟೆಗಾರರಾಗಿದ್ದು?’

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕರಿ ನಿಲುವಂಗಿ ತೊಟ್ಟು, ಸಾಲುಗಟ್ಟಿ ಮರಳಿನ ಮೇಲೆ ಬರುವ ಪುಟವನ್ನು ಮುಂದಿನ ಭಾನುವಾರ ಮತ್ತೆ ಓದುತ್ತೇವೆ.