ಮಣ್ಣೊಳಗೂ ಹೂ ಬಿಡುವ ಕನ್ನೆ ಸೊಪ್ಪು

ಪಾವಗಡ ಕಡೆಯ ಓದುಗರೊಬ್ಬರು ಕಳಿಸಿದ ಫೋಟೊ ನೋಡಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಅವರಿಗೆ ಮಾತ್ರ ಚಿಂತೆ. ಕಡ್ಲೆಕಾಯಿ ಹೊಲದಲ್ಲಿ ಕನ್ನೆ ಸೊಪ್ಪು ಕಿತ್ತಿದ್ದಾರೆ. ಬುಡದಲ್ಲಿ ಬೇರಿನ ಜೊತೆಗೇ ಬಿಳಿಚಿಕೊಂಡ ಎಳೆಗಳು, ಎಳೆಗಳ ಮೇಲೆ ಪುಟ್ಟ ಪುಟ್ಟ ಬಿಳಿ ಚೀಲಗಳು. "ಇದು ಗಂಟುರೋಗವೇ? ಕಡ್ಲೆಕಾಯಿಗೂ ಅಂಟುತ್ತದೆಯೇ?" ಎಂದು ಕೇಳಿದ್ದಾರೆ.

ರೋಗವಲ್ಲ ಸ್ವಾಮಿ, ಹೂವು! ಬಿಸಿಲನ್ನೇ ಕಾಣದೆ, ಒಂದು ದಿನವೂ ಅರಳದೆ, ಮಣ್ಣಿನೊಳಗೇ ಕಾಯಿ ಕಟ್ಟುವ ಹೂವು.

ಮೇಲಿನ ಹೂವಿನಿಂದಲೇ ಶುರು ಮಾಡೋಣ. ನಮ್ಮ ಕಡೆ ಕನ್ನೆ ಸೊಪ್ಪು ನೋಡದವರಿಲ್ಲ, ಬೆರಕೆ ಸೊಪ್ಪಿನ ಸಾರಿನಲ್ಲಿ ಮುದ್ದೆಯ ಜೊತೆ ಉಣ್ಣದವರೂ ಕಡಿಮೆ. ಶಾಸ್ತ್ರೀಯ ಹೆಸರು ಕಾಮೆಲಿನಾ ಬೆಂಗಾಲೆನ್ಸಿಸ್, 1753ರಲ್ಲಿ ಲಿನೇಯಸ್ ಇಟ್ಟದ್ದು. ಹೂವು ಬೆಳಿಗ್ಗೆ ಅರಳಿ, ಮಧ್ಯಾಹ್ನದ ಬಿಸಿಲಿಗೆ ಕರಗಿದಂತೆ ಮುದುಡಿಬಿಡುತ್ತದೆ. ಎರಡು ನೀಲಿ ಎಸಳು ಎದ್ದು ಕಾಣುತ್ತವೆ; ಮೂರನೆಯದು ಚಿಕ್ಕದು, ಮಂಕು. ನಡುವೆ ಆರು ಕೇಸರಗಳಿವೆ, ಅದರಲ್ಲಿ ಕೆಲಸ ಮಾಡುವವು ಕೆಳಗಿನ ಮೂರೇ. ಮೇಲೆ ಹಳದಿಯಾಗಿ ಮಿನುಗುವ ಮೂರು ಕೇಸರಗಳು ತೋರಿಕೆಯವು. ಈ ಹೂವಿನಲ್ಲಿ ಮಕರಂದವೂ ಇಲ್ಲ. ಹಳದಿ ಬಣ್ಣಕ್ಕೆ ಮರುಳಾಗಿ ಬಂದ ಪುಟ್ಟ ಜೇನ್ನೊಣ ಅಲ್ಲಿ ತಡಕಾಡುತ್ತಿದ್ದರೆ, ಕೆಳಗೆ ಚಾಚಿಕೊಂಡ ನಿಜವಾದ ಕೇಸರಗಳು ಅದರ ಹೊಟ್ಟೆಗೆ ಪರಾಗ ಮೆತ್ತುತ್ತವೆ. ಅಂದು ಯಾವ ನೊಣವೂ ಬರಲಿಲ್ಲವೋ, ಚಿಂತೆಯಿಲ್ಲ. ಮುದುಡುವಾಗ ಕೇಸರಗಳೂ ಶಲಾಕೆಯೂ ಒಳಕ್ಕೆ ಸುರುಳಿ ಸುತ್ತಿಕೊಂಡು ತಮ್ಮ ಪರಾಗವನ್ನು ತಮಗೇ ತಗುಲಿಸಿಕೊಳ್ಳುತ್ತವೆ.

ಇಷ್ಟೆಲ್ಲ ಏರ್ಪಾಡಿದ್ದರೂ ಗಿಡಕ್ಕೆ ಸಾಲದು. ಬುಡದ ಗೆಣ್ಣಿನಿಂದ ಕೆಲವು ಕವಲುಗಳು ಮೇಲಕ್ಕೆ ಹೋಗುವ ಬದಲು ಮಣ್ಣಿಗೆ ಇಳಿಯುತ್ತವೆ. ಹಸಿರಿಲ್ಲ, ಅಗಲವಾದ ಎಲೆಯಿಲ್ಲ. ನೋಡಿದವರು ಬೇರೆಂದೇ ತಿಳಿಯುತ್ತಾರೆ. ಆ ಕವಲುಗಳ ಮೇಲೆ ಮೂಡುವ ಬಿಳಿ ಚೀಲಗಳೊಳಗೆ ಮೊಗ್ಗು ಇರುತ್ತದೆ. ಮೊಗ್ಗು ಬಿರಿಯುವುದೇ ಇಲ್ಲ. ಮುಚ್ಚಿದ ಎಸಳುಗಳ ಒಳಗೇ ಪರಾಗ ಶಲಾಕಾಗ್ರ ಮುಟ್ಟಿ, ಅಲ್ಲೇ ಫಲ ಕಟ್ಟುತ್ತದೆ. ದೆಹಲಿ ವಿಶ್ವವಿದ್ಯಾಲಯದ ಹೆಸರಾಂತ ಸಸ್ಯವಿಜ್ಞಾನಿ ಪಂಚಾನನ ಮಾಹೇಶ್ವರಿ ಮತ್ತು ಅವರ ಸಹಲೇಖಕರು 1955ರಲ್ಲೇ ಈ ಎರಡು ಬಗೆಯ ಹೂವುಗಳ ಬಗ್ಗೆ ಪ್ರಬಂಧ ಬರೆದಿದ್ದರು.

"ಇದರಲ್ಲೇನು ಹೆಚ್ಚು, ನಮ್ಮ ಕಡ್ಲೆಕಾಯಿಯೂ ಮಣ್ಣಲ್ಲೇ ಕಾಯಿ ಬಿಡುತ್ತದಲ್ಲ" ಎಂದು ಶಿರಾ, ಪಾವಗಡದ ರೈತರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಕಡ್ಲೆಕಾಯಿ ಗಿಡ ಹಳದಿ ಹೂವನ್ನು ನೆಲದ ಮೇಲೆ, ಎಲ್ಲರ ಕಣ್ಣೆದುರೇ ಅರಳಿಸುತ್ತದೆ. ಆಮೇಲೆ ಊಡು ಇಳಿಸಿ ಕಾಯನ್ನು ಮಣ್ಣಿಗೆ ಸೇರಿಸುತ್ತದೆ. ಕನ್ನೆ ಸೊಪ್ಪಿನಲ್ಲಿ ಹೂವು ಹುಟ್ಟುವುದೇ ಮಣ್ಣಿನಲ್ಲಿ. ಜೊತೆಗೆ ಮೇಲೊಂದು ಸಂಸಾರ, ಕೆಳಗೊಂದು ಸಂಸಾರ. ಒಂದೇ ಗಿಡ ಹೀಗೆ ನೆಲದ ಮೇಲೂ ಒಳಗೂ ಬೇರೆ ಬೇರೆ ಬಗೆಯ ಫಲ ಕಟ್ಟುವುದು ಬಲು ಅಪರೂಪ. ಜಗತ್ತಿನ ಸುಮಾರು ಮೂರು ಲಕ್ಷ ಹೂಗಿಡಗಳಲ್ಲಿ ಈ ವಿದ್ಯೆ ಬಲ್ಲವು ಎಂದು ಗುರುತಿಸಿರುವುದು ನೂರರ ಒಳಗೇ. ಅಂಥದ್ದೊಂದು ನಮ್ಮ ಬದುವಿನಲ್ಲಿ ಕುರಿಗಳ ಕಾಲಿಗೆ ಸಿಕ್ಕಿ ಬಿದ್ದಿದೆ!

ಬೀಜದ ಲೆಕ್ಕ ಇನ್ನೂ ಸೊಗಸು. ಮೇಲಿನ ಕಾಯಿಯಲ್ಲಿ ಐದು ಬೀಜ: ಒಂದು ದೊಡ್ಡದು, ನಾಲ್ಕು ಚಿಕ್ಕವು. ಮಣ್ಣೊಳಗಿನ ಕಾಯಿಯಲ್ಲಿ ಮೂರು: ಒಂದು ದೊಡ್ಡದು, ಎರಡು ಚಿಕ್ಕವು. ಅಂದರೆ ಒಂದು ಗಿಡಕ್ಕೆ ನಾಲ್ಕು ಬಗೆಯ ಬೀಜ, ನಾಲ್ಕಕ್ಕೂ ನಾಲ್ಕು ಸ್ವಭಾವ. ಮಣ್ಣೊಳಗಿನ ದೊಡ್ಡ ಬೀಜ ಹದ ಸಿಕ್ಕಿದ ಕೂಡಲೇ ಮೊಳೆಯುತ್ತದೆ. ಮೇಲಿನ ಚಿಕ್ಕ ಬೀಜ ಹಠಮಾರಿ, ಒಂದು ಮಳೆಗೆಲ್ಲ ಸುಲಭವಾಗಿ ಕಣ್ಣು ಬಿಡುವುದಿಲ್ಲ. ಮುಂಗಾರು ಕೈಕೊಟ್ಟರೆ ಹಿಂಗಾರು, ಈ ವರ್ಷ ಹೋದರೆ ಮುಂದಿನ ವರ್ಷ ಎಂದು ಕಾಯುವ ಜಾತಿ ಅದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಮಳೆಯ ಭರವಸೆಯಿಲ್ಲದ ತಾಲ್ಲೂಕುಗಳಲ್ಲಿ ಇದಕ್ಕಿಂತ ಜಾಣ ಬೇಸಾಯ ಬೇರೆ ಯಾವುದಿದೆ? ನೊಣ ತಂದ ಪರಾಗದಿಂದ ಹುಟ್ಟಿದ ಮೇಲಿನ ಬೀಜಗಳಲ್ಲಿ ಹೊಸ ಗುಣಗಳ ಬೆರಕೆಯಿರುತ್ತದೆ. ಅವು ನೀರಿನಲ್ಲಿ, ಗೊರಸಿನ ಕೆಸರಿನಲ್ಲಿ ಹೊಸ ಜಾಗಕ್ಕೆ ಹೋಗಿ ಅದೃಷ್ಟ ಪರೀಕ್ಷೆ ಮಾಡುತ್ತವೆ. ಒಳಗಿನವು ತಾಯಿ ಗೆದ್ದ ಜಾಗದಲ್ಲೇ ಠೇವಣಿಯಾಗಿ ಉಳಿಯುತ್ತವೆ. ಕುರಿಮಂದೆ ಮೇಲಿನದೆಲ್ಲ ಮೇಯ್ದು ಹೋಗಲಿ, ಠೇವಣಿಗೆ ಚ್ಯುತಿಯಿಲ್ಲ.

ಈಗ ಫೋಟೊದ ಮಾತು. ಮಳೆ ಬಿದ್ದ ಮೇಲೆ ನಮ್ಮ ಬದುಗಳು ಪುಟ್ಟ ಹೂವುಗಳ ಜಾತ್ರೆ. ಉಗುರಿನಷ್ಟಗಲದ ನೀಲಿ ವಿಷ್ಣುಕ್ರಾಂತಿ, ಬಿಳಿ ತುಂಬೆ, ಹಳದಿ ನೆಗ್ಗಿಲು, ಕಿತ್ತರೆ ಹಾಲು ಸುರಿಸುವ ಅಚ್ಚೆಗಿಡ, ನಮ್ಮ ಕಡಲೆಕಾಯಿಯಂತೆಯೇ ಅಮೆರಿಕ ಖಂಡದಿಂದ ಬಂದು ಇಲ್ಲೇ ನೆಲೆ ನಿಂತ ಗಬ್ಬು ಶಾವಂತಿಗೆ. ಮೊಬೈಲಿನವರು ಬಗ್ಗಿ ಹೂವಿನ ಮುಖವನ್ನು ಮಾತ್ರ ಹಿಡಿದು, ಆ್ಯಪಿಗೆ ತೋರಿಸಿ, ಅದು ಹೇಳಿದ ಮೊದಲ ಹೆಸರನ್ನೇ ನಂಬುತ್ತಾರೆ. ಹೂವಿನ ಮುಖ ಗುರುತಿನ ಅರ್ಧ ಭಾಗವೂ ಅಲ್ಲ. ಕನ್ನೆ ಸೊಪ್ಪಿಗೆ ಅದೇ ನೀಲಿ ಬಣ್ಣದ ಸೋದರ ಜಾತಿಗಳಿವೆ. ಇದನ್ನು ಬೇರ್ಪಡಿಸುವುದು ಎಲೆಯ ಬುಡ ಕಾಂಡವನ್ನು ಸುತ್ತುವ ಕಡೆ ಇರುವ ಕೆಂಪು ಕೂದಲು, ಮತ್ತು ಹೂವು ಹೊರಡುವ ಹಸಿರು ದೊನ್ನೆಯ ಅಂಚು. ಇಲ್ಲಿ ಆ ಅಂಚು ಕೂಡಿಕೊಂಡು ಆಲಿಕೆಯ ಆಕಾರವಾಗಿರುತ್ತದೆ. ದೊನ್ನೆಯನ್ನು ಮೆಲ್ಲಗೆ ಹಿಸುಕಿದರೆ ಲೋಳೆಯ ಹನಿ ಹೊರಬರುವುದನ್ನೂ ನೋಡಿ, ಮಕ್ಕಳಿಗೆ ತೋರಿಸಿ.

ಆದ್ದರಿಂದ ಹೂವಿಗೊಂದು, ಹೂವಿನ ಬೆನ್ನಿಗೊಂದು, ಎಲೆ ಕಾಂಡ ಸೇರುವ ಜಾಗಕ್ಕೊಂದು, ಇಡೀ ಗಿಡಕ್ಕೊಂದು ಫೋಟೊ ಬೇಕು. ಬಿಸಿಲೇರುವ ಮುಂಚೆ, ಗಾಳಿ ಏಳುವ ಮುಂಚೆ, ನೆಲಕ್ಕೆ ಮೊಣಕೈ ಊರಿ ಹೂವಿನ ಮಟ್ಟಕ್ಕೆ ಇಳಿದು ತೆಗೆಯಿರಿ. ಬಿಸಿಲು ಜೋರಾದರೆ ನೀಲಿ ಎಸಳು ಬೆಳ್ಳಗಾಗಿ ಬೀಳುತ್ತದೆ. ಕೊಡೆ ಹಿಡಿದು ನೆರಳು ಮಾಡಿಕೊಳ್ಳಿ. ಅಳತೆಗೆ ಪಕ್ಕದಲ್ಲೊಂದು ರಾಗಿ ಕಾಳು ಇಟ್ಟರೂ ಆಯಿತು. ಕನ್ನೆ ಸೊಪ್ಪಿಗೆ ಇನ್ನೂ ಒಂದು ಫೋಟೊ ಹೆಚ್ಚು. ಗಿಡವನ್ನು ಜಗ್ಗಿ ಕೀಳಬೇಡಿ, ಒಳಗಿನ ಕವಲು ಹರಿದು ಅಲ್ಲೇ ಉಳಿಯುತ್ತದೆ. ಗುದ್ದಲಿಯಿಂದ ಹೆಂಟೆಯ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಹಾಕಿ, ಮಣ್ಣು ತಾನಾಗಿ ಬಿಟ್ಟುಕೊಂಡ ಮೇಲೆ ಕರಿ ಸ್ಲೇಟಿನ ಮೇಲೆ ಹರಡಿ. ಬಿಳಿ ಚೀಲಗಳು ಎದ್ದು ಕಾಣುತ್ತವೆ. ನಾನು ಹೀಗೆ ಹರಡಿದಾಗ ನೋಡಲು ಬಂದ ಹುಡುಗರು ಒಂದು ಚೀಲವನ್ನು ಉಗುರಿನಿಂದ ಸೀಳಿ, ಒಳಗಿನ ಬೀಜ ಎಣಿಸಿ, "ಮೂರೇ ಸಾರ್!" ಎಂದು ಕೂಗಿದರು.

ಗಿಡ ಗುರುತಿಸುವವರಿಗೆ ಒಂದು ಬೈಗುಳವೂ ಬಾಕಿಯಿದೆ. ಕೊರಟಗೆರೆಯ ಸಿದ್ಧರ ಬೆಟ್ಟ ಗಿಡಮೂಲಿಕೆಗೆ ಹೆಸರಾದದ್ದು ನಿಜ. ಹಾಗೆಂದು ಕಂಡ ಸೊಪ್ಪೆಲ್ಲ ಮದ್ದು ಎಂಬ ನಂಬಿಕೆ ಅಪಾಯದ್ದು. ಹಾವು ಕಚ್ಚಿದರೆ ತುಂಬೆ ರಸ ಹಿಂಡುವವರು ಇನ್ನೂ ಇದ್ದಾರೆ. ರಸ ಹಿಂಡುತ್ತಾ ಕೂತ ಹೊತ್ತಿನಲ್ಲಿ ವಿಷ ಏರುತ್ತಿರುತ್ತದೆ. ಹಾವಿನ ವಿಷಕ್ಕೆ ಮದ್ದು ಆಸ್ಪತ್ರೆಯ ಪ್ರತಿವಿಷ ಚುಚ್ಚುಮದ್ದು, ಬೇರೆಯಲ್ಲ. ಅಚ್ಚೆಗಿಡದಲ್ಲಿ ಹಾಲಿದೆ, ಆದ್ದರಿಂದ ಅದು ಬಾಣಂತಿಗೆ ಹಾಲು ಹೆಚ್ಚಿಸುತ್ತದೆ ಎನ್ನುವ ತರ್ಕವೂ ಅಷ್ಟೇ ಪೊಳ್ಳು. ಆ ಹಾಲು ಗಿಡ ತನ್ನನ್ನು ಮೇಯಲು ಬಂದವರ ಬಾಯಿ ಸುಡಲು ಇಟ್ಟುಕೊಂಡದ್ದು, ಕಣ್ಣಿಗೆ ಬಿದ್ದರೆ ಉರಿ ಗ್ಯಾರಂಟಿ.

"ಮಳೆ ಬಿದ್ದರೆ ಕಳೆ ತಾನಾಗಿ ಹುಟ್ಟುತ್ತದೆ" ಎಂಬ ಮಾತೂ ಈ ಸಾಲಿಗೇ ಸೇರಿದ್ದು. ಯಾವುದೂ ತಾನಾಗಿ ಹುಟ್ಟುವುದಿಲ್ಲ. ಎಡೆಕುಂಟೆ ಹೊಡೆದಾಗ ಕನ್ನೆ ಸೊಪ್ಪಿನ ಮೇಲ್ಭಾಗ ಕತ್ತರಿಸುತ್ತದೆ, ತುಂಡಾದ ಪ್ರತಿ ಗೆಣ್ಣೂ ಹಸಿ ಮಣ್ಣಿಗೆ ತಾಗಿದರೆ ಬೇರು ಬಿಡುತ್ತದೆ, ಒಳಗಿನ ಕಾಯಿಗಳು ಹಾಗೇ ಉಳಿಯುತ್ತವೆ. ಕಳೆನಾಶಕವೂ ಇದಕ್ಕೆ ದೊಡ್ಡ ಶತ್ರುವಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಗ್ಲೈಫೋಸೇಟ್ ತಡೆದುಕೊಳ್ಳುವ ಹತ್ತಿ ತಳಿ ಹಬ್ಬಿದ ಮೇಲೆ, ಆ ಔಷಧಕ್ಕೆ ಉಳಿದ ಕಳೆಗಳು ಸತ್ತವು, ಇದು ಜಗ್ಗಲಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲೇ ಅಲ್ಲಿನ ಹತ್ತಿ ಬೆಳೆಗಾರರ ನಿದ್ದೆ ಕೆಡಿಸುವ ಕಳೆಗಳಲ್ಲಿ ಇದೂ ಒಂದಾಯಿತು.

ಅವರಿಗೆ ಇದನ್ನು ಬೇಯಿಸಿ ತಿನ್ನಬಹುದೆಂದು ಯಾರೂ ಹೇಳಿರಲಿಕ್ಕಿಲ್ಲ. ನಮ್ಮ ಕಡೆ ಹೆಂಗಸರು ಬಿತ್ತಿದ ಹೊಲದಲ್ಲಿ ಮೊದಲ ಕಳೆಗೇ ಎಳೆ ಕನ್ನೆ ಸೊಪ್ಪನ್ನು ಮಡಿಲು ತುಂಬಿಕೊಂಡು ಬರುತ್ತಿದ್ದರು. ಆ ಹೊತ್ತಿಗೆ ಗಿಡ ಇನ್ನೂ ಮಣ್ಣಿನೊಳಗೆ ಕಾಯಿ ಕಟ್ಟಿರುವುದಿಲ್ಲ. ಕುಡಿ ಚಿವುಟಿ ಬಿಡುವ ಬದಲು ಬೇರುಸಮೇತ ಕಿತ್ತು, ಮಿಕ್ಕಿದ್ದನ್ನು ಬದುವಿಗೆ ಎಸೆಯದೆ ಎಮ್ಮೆಗೆ ಹಾಕಿದರೆ ಸಾರಿಗೂ ಆಯಿತು, ಹೊಲಕ್ಕೂ ಆಯಿತು.