ಕಾಣದ ನ್ಯೂಟ್ರಾನಿಗೆ ಗೋಲಿಯಾಟದ ಲೆಕ್ಕ

ರವೀಂದ್ರನಗರದ ಮನೆಯಂಗಳದಲ್ಲಿ ಗೋಲಿ ಆಡಿ ಬೆಳೆದ ಅಜ್ಜ ಯಾರಾದರೂ ಸಿಕ್ಕರೆ ಕೇಳಿ ನೋಡಿ, ಮಕ್ಕಳೇ. ಸಮ ಗಾತ್ರದ ಗೋಲಿಗೆ ನೇರವಾಗಿ ಹೊಡೆದರೆ ಹೊಡೆದ ಗೋಲಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಪೆಟ್ಟು ತಿಂದದ್ದು ಓಡುತ್ತದೆ. ಓರೆಯಾಗಿ ತಗುಲಿದರೆ ಎರಡೂ ಅಷ್ಟಿಷ್ಟು ಉರುಳುತ್ತವೆ. ದೊಡ್ಡ ಕಬ್ಬಿಣದ ಗುಂಡಿಗೆ ಹೊಡೆದರೆ ಗುಂಡು ಅಲುಗುವುದೇ ಇಲ್ಲ, ಗೋಲಿ ವಾಪಸು ಬರುತ್ತದೆ. ನ್ಯೂಟ್ರಾನ್ ಎಂಬ ಕಾಣದ ಕಣದ ಶಕ್ತಿಯನ್ನು ಅಳೆಯುವುದೂ ಇದೇ ಗುಟ್ಟಿನಿಂದ!

ದಾರಿಯುದ್ದಕ್ಕೂ ಸುಂಕ

ಒಂದು ಲೋಹದ ಕೊಳವೆ. ಒಳಗೆ ಅನಿಲ, ನಡುವೆ ವಿದ್ಯುತ್ ಒತ್ತಡವಿರುವ ತೆಳು ತಂತಿ. ವಿದ್ಯುದಂಶವಿರುವ ಕಣವೊಂದು ಒಳಗೆ ಓಡಿದರೆ, ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತಾ ಹೋಗುತ್ತದೆ. ಇದೇ ಅಯಾನೀಕರಣ. ಹೀಗೆ ಒಂದು ಜೋಡಿಯನ್ನು ಬೇರ್ಪಡಿಸಲು ಗಾಳಿಯಲ್ಲಿ ಸರಾಸರಿ 34 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅದನ್ನು ಕಣ ಕಟ್ಟುವ ಸುಂಕ ಎನ್ನೋಣ. ಕೈಯಲ್ಲಿದ್ದ ಶಕ್ತಿಯೆಲ್ಲ ಮುಗಿದಾಗ ಕಣ ನಿಲ್ಲುತ್ತದೆ. ಕಿತ್ತುಬಂದ ಎಲೆಕ್ಟ್ರಾನುಗಳನ್ನು ತಂತಿ ಎಳೆದುಕೊಳ್ಳುತ್ತದೆ. 10,000 ಜೋಡಿ ಸಿಕ್ಕಿದರೆ ಕಣದ ಶಕ್ತಿ 3,40,000 ಎಲೆಕ್ಟ್ರಾನ್ ವೋಲ್ಟ್ ಎಂದು ಲೆಕ್ಕ.

ಆದರೆ ನ್ಯೂಟ್ರಾನಿಗೆ ವಿದ್ಯುದಂಶವೇ ಇಲ್ಲ. ಸುಂಕ ಕಟ್ಟದೆ ನುಸುಳಿಹೋಗುತ್ತದೆ!

ಮೇಣ ಕೊಟ್ಟ ಸುಳಿವು

1932ರಲ್ಲಿ ಇಂಗ್ಲೆಂಡಿನ ಜೇಮ್ಸ್ ಚಾಡ್ವಿಕ್ ಅದನ್ನು ಹಿಡಿದರು. ಬೆರಿಲಿಯಂ ಲೋಹದಿಂದ ಹೊರಟ ವಿಚಿತ್ರ ಕಿರಣಕ್ಕೆ ಮೇಣದ ಹಲಗೆಯನ್ನು ಅಡ್ಡ ಹಿಡಿದರು. ಮೇಣದಲ್ಲಿ ಹೈಡ್ರೋಜನ್ ತುಂಬಿದೆ. ಹೈಡ್ರೋಜನ್ನಿನ ತಿರುಳಾದ ಪ್ರೋಟಾನ್ ತೂಕದಲ್ಲಿ ನ್ಯೂಟ್ರಾನಿಗೆ ಸರಿಸಮ, ಗೋಲಿಗೆ ಗೋಲಿ ಇದ್ದ ಹಾಗೆ. ಪೆಟ್ಟು ತಿಂದ ಪ್ರೋಟಾನುಗಳು ಹೊರಹಾರಿದವು. ಅವಕ್ಕೆ ವಿದ್ಯುದಂಶವಿದೆ, ಹಾಗಾಗಿ ಅನಿಲದ ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದವು. ಈ ಶೋಧಕ್ಕಾಗಿ ಚಾಡ್ವಿಕ್ 1935ರಲ್ಲಿ ನೊಬೆಲ್ ಪಡೆದರು.

ವೇಗದ ನ್ಯೂಟ್ರಾನ್ ಅಳೆಯಲು ಕೊಳವೆಯಲ್ಲೇ ಹೈಡ್ರೋಜನ್ ತುಂಬಬಹುದು. ನೇರ ಪೆಟ್ಟಾದರೆ ಪೂರ್ತಿ ಶಕ್ತಿ ಪ್ರೋಟಾನಿಗೆ, ಓರೆ ಪೆಟ್ಟಾದರೆ ಒಂದು ಪಾಲು ಮಾತ್ರ. ಆದ್ದರಿಂದ ಒಂದು ಪೆಟ್ಟನ್ನು ನಂಬಿದರೆ ಸಾಲದು. ಸಾವಿರಾರು ಪೆಟ್ಟುಗಳನ್ನು ದಾಖಲಿಸಬೇಕು. ನ್ಯೂಟ್ರಾನುಗಳೆಲ್ಲ ಒಂದೇ ಶಕ್ತಿಯವಾಗಿದ್ದರೆ, ಅತಿ ದೊಡ್ಡ ಪೆಟ್ಟೇ ಅವುಗಳ ಶಕ್ತಿ.

ನಿಧಾನದ ನ್ಯೂಟ್ರಾನಿಗೆ ಬೋರಾನ್ ಇರುವ ಅನಿಲ ಬೇಕು. ಬೋರಾನ್ ಅದನ್ನು ನುಂಗಿ ಒಡೆದು, ಸುಮಾರು 23 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಹೊರಹಾಕುತ್ತದೆ. ನ್ಯೂಟ್ರಾನಿನ ಸ್ವಂತ ಶಕ್ತಿಯೋ, ಒಂದು ಎಲೆಕ್ಟ್ರಾನ್ ವೋಲ್ಟಿನ ನಲವತ್ತನೇ ಒಂದು ಪಾಲು! ಮದುವೆಮನೆಯ ವಾಲಗದಲ್ಲಿ ಪಿಸುಮಾತು ಕೇಳೀತೇ? ಇಲ್ಲಿ ತಲೆ ಎಣಿಸಬಹುದೇ ಹೊರತು ಶಕ್ತಿ ಅಳೆಯಲಾಗದು.

ಕೈಗಾದಲ್ಲಿ ಇದರ ಕೆಲಸ

ನಮ್ಮ ನೆರೆಯ ಉತ್ತರ ಕನ್ನಡದಲ್ಲಿ, ಕಾಳಿ ನದಿಯ ದಡದಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರವಿದೆ. 220 ಮೆಗಾವಾಟಿನ ನಾಲ್ಕು ಘಟಕಗಳು. ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಂದೇ ಸಮನೆ 962 ದಿನ ನಡೆದು ವಿಶ್ವದಾಖಲೆ ಬರೆಯಿತು. ಇಂಥ ಭಾರಜಲದ ಸ್ಥಾವರಗಳಲ್ಲಿ ಕಿಡಿ ಹೊತ್ತುವಾಗ ನ್ಯೂಟ್ರಾನುಗಳು ಬಹಳ ಕಡಿಮೆ. ಆಗ ಬೋರಾನ್ ಅನಿಲದ ಕೊಳವೆಗಳು ಒಂದೊಂದನ್ನೇ ಎಣಿಸುತ್ತವೆ. ಶಕ್ತಿ ಏರಿದ ಮೇಲೆ ಅಯಾನೀಕರಣ ಪೆಟ್ಟಿಗೆಗಳು ಕಾವಲು ಕಾಯುತ್ತವೆ.

ಬರೀ ಎಣಿಸಿದರೆ ಸಾಲದೇ? ಸಾಲದು. ನಮ್ಮ ಮೈಯಲ್ಲಿ ನೀರೇ ಹೆಚ್ಚು, ನೀರಿನಲ್ಲಿ ಹೈಡ್ರೋಜನ್ ಇದೆ. ಕೊಳವೆಯಲ್ಲಿ ನಡೆದ ಗೋಲಿಯಾಟವೇ ನಮ್ಮ ಜೀವಕೋಶಗಳಲ್ಲೂ ನಡೆಯುತ್ತದೆ. ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಲೆಕ್ಕದಲ್ಲಿ ನಿಧಾನದ ನ್ಯೂಟ್ರಾನಿನ ಅಪಾಯಕ್ಕೆ 2.5 ಅಂಕವಾದರೆ, ಸುಮಾರು ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟಿನದಕ್ಕೆ 20ರಷ್ಟು. ಮೈ ಹೀರಿದ ಶಕ್ತಿ ಅಷ್ಟೇ ಇದ್ದರೂ ಅಪಾಯ ಎಂಟು ಪಟ್ಟು! ಅದಕ್ಕೇ ಕೆಲಸಗಾರರ ಸುರಕ್ಷತೆಗೆ ಬಳಸುವ ಒಂದು ಬಗೆಯ ಮಾಪಕದಲ್ಲಿ ಅನಿಲದ ಕೊಳವೆಗೆ ದಪ್ಪ ಪಾಲಿಥೀನ್ ಹೊದಿಕೆ ಇರುತ್ತದೆ. ಅದರ ಹೈಡ್ರೋಜನ್ ವೇಗದ ನ್ಯೂಟ್ರಾನುಗಳನ್ನು ನಿಧಾನಗೊಳಿಸುತ್ತದೆ. ಮಾಪಕದ ಅಂಕಿ ಅಪಾಯಕ್ಕೆ ತಕ್ಕಂತೆ ಬರುವ ಹಾಗೆ ಹೊದಿಕೆಯ ಅಳತೆಯನ್ನು ಆರಿಸಿರುತ್ತಾರೆ.

ನೀವೂ ಮಾಡಿ ನೋಡಿ

ಕೇರಂ ಹಲಗೆಗೆ ಪೌಡರ್ ಹಾಕಿ. ಒಂದು ಕಾಯಿಯಿಂದ ಇನ್ನೊಂದು ಕಾಯಿಗೆ ನೇರವಾಗಿ ಹೊಡೆಯಿರಿ. ಆಮೇಲೆ ಓರೆಯಾಗಿ ಹೊಡೆಯಿರಿ. ಪ್ರತಿ ಸಲವೂ ಪೆಟ್ಟು ತಿಂದ ಕಾಯಿ ಎಷ್ಟು ದೂರ ಹೋಯಿತು ಎಂದು ಬರೆದಿಡಿ. ಈಗ ಆ ಪಟ್ಟಿಯನ್ನಷ್ಟೇ ಅಜ್ಜನಿಗೋ ಅಜ್ಜಿಗೋ ತೋರಿಸಿ, "ನೇರ ಪೆಟ್ಟು ಯಾವುದು, ಹೇಳಿ ನೋಡೋಣ?" ಎಂದು ಕೇಳಿ. ಆಟ ನೋಡದೆಯೇ ಅವರು ಹೇಳಿಬಿಡುತ್ತಾರೆ. ಅನಿಲದ ಕೊಳವೆ ಮಾಡುವುದೂ ಅದನ್ನೇ.